ಹುಂಜೋ ಹೇಂಟಿಯೋ

ಇಲಿಪಾಷಾಣ ಅಂತ ಜತ್ತದ ಸಂತ್ಯಾಗ
ಕಾಗದದ ಪೊಟ್ಟಣ ಮಾರತಿದ್ರು.
ಈಗ ನಾ ಪುಣೆಯ ಪಾಷಾಣದಾಗ ಇರತೀನಿ.
ಅದು ಜಾಗದ ಹೆಸರು, ಬಸ್ಸಿನ ಹಣಿ ಮ್ಯಾಲ ಬರದಿರತದ.
ನನ್ನ ಕೆಲಸ, ಇಲಿಗೋಳಿಗೆ ಉಣಸೂದು.

ನಲವತ್ತೆಂಟು ಇಲಿ. ಬಿಳೀ ಮೈ, ದಾಳಿಂಬರಿ ಕಾಳಿನ ಕಣ್ಣು.
ಹಂದಿ ಕೊಬ್ಬು ಕಲಸಿದ ನೀಲಿ ಗುಳಿಗಿ
ತಕ್ಕಡಿಯಾಗ ತೂಗಿ ಹಾಕತೀನಿ.
ಹನ್ನೆರಡು ವಾರದಾಗ ಹಿಟ್ಟಿನ ಚೀಲಧಂಗ ಆದ್ವು,
ಕುಂತಲ್ಲೇ ಕುಂತ್ವು. ನನ್ನ ಕಂಡ್ರ
ಮೊದಲಿನಂಗ ಜಾಳಿ ಏರೂದಿಲ್ಲ.
ಮೂವತ್ತೊಂದನೇ ನಂಬರಿನದಷ್ಟ ಮೂಗು ಎತ್ತತದ.

"ಕೊಬ್ಬು ಸುಮ್ನ ಮಲಗಿರೂದಿಲ್ಲ ಮಾವಶಿ," ಅಂತಾಳ ಮೃಣ್ಮಯಿ,
ಪಿಎಚ್‌ಡಿ ಹುಡುಗಿ, ಬೆರಳ ತುದಿಯೆಲ್ಲ ಕರೀ ಕೆಂಪು,
"ಒಳಗೊಳಗ ಹೊಗಿಯಾಡತದ, ಬೂದಿ ಮುಚ್ಚಿದ ಕುಳ್ಳಿನಂಗ.
ಅದಕ್ಕ ನಿಮ್ಮ ಕಾನಡಿಯಾಗ ಏನಂತೀರಿ?"

ನನಗ ಗೊತ್ತಿರಲಿಲ್ಲ. ಸೊಲ್ಲಾಪುರದ ತಮ್ಮಗ ಫೋನ್ ಹಚ್ಚಿದೆ,
ಕನ್ನಡ ಸಾಲಿ ಮಾಸ್ತರ ಅಂವ.
ಉರಿಯೂತ, ಅಂದ.
ಬಸ್ಸಿನ ಗದ್ದಲದಾಗ ನನಗ ಕೇಳಿದ್ದು
ಉರಿಯೂಟ.
ತಪ್ಪೇನೂ ಕೇಳಿಲ್ಲ ಅನಸ್ತು.
ಅದನ್ನ ದಿನಾ ಬಡಸ್ತೀನಲ್ಲ,
ಅವುಕ್ಕ ಗುಳಿಗಿಯಾಗ,
ನನಗ ರಾತ್ರಿ ಹನ್ನೊಂದಕ್ಕ, ನಿಂತಕೊಂಡು,
ತಣ್ಣನ ವಡಾಪಾವ್, ಮ್ಯಾಲ ಮಾಲಕಿನ ಮನಿಯ ಉಳಿದ ಶಿರಾ.
ತೊಂಬತ್ತಾರು ಕಿಲೋ. ಪಾವಟಿಗಿ ಇಳಿಯುವಾಗ
ಮೊಣಕಾಲೊಳಗ ಯಾರೋ ಕಡ್ಡಿ ಗೀರತಾರ.

ಚೈತ್ರ ಮುಗೀತಿದ್ದಂಗ ಭಾಮಾಬಾಯಿ ಬಂದ್ಳು
ವೆಲ್ಹೆ ಕಡಿ ಗುಡ್ಡದಿಂದ, ಮೊದಲನೇ ಎಸ್‌ಟಿಗೆ,
ಬುಟ್ಟಿ ತುಂಬ ಕವಳಿ ಹಣ್ಣು. ಇಲ್ಲಿಯವರು ಕರವಂದ ಅಂತಾರ.
ಮೊಣಕೈ ತನಕ ಮುಳ್ಳಿನ ಗೀರು.
ಹದಿನೆಂಟು ಕಿಲೋ ತೂಗಿಸಿಕೊಂಡ್ಳು ಮೃಣ್ಮಯಿ,
ಸ್ಪಿರಿಟಿನಾಗ ನೆನಸಿದ್ಳು, ಸೋಸಿದ್ಳು,
ಗಿರಗಿರ ತಿರಗೂ ಗಾಜಿನ ಬುರುಡಿಯಾಗ ಹಸಿಯೆಲ್ಲ ಹಾರಿಸಿದ್ಳು.
ಅಷ್ಟು ಗುಡ್ಡ, ಅಷ್ಟು ಮುಳ್ಳು,
ಕಡೀಕ ಎರಡು ಚಟ್ನಿ ಡಬ್ಬಿಯಷ್ಟು ಆತು.

ಅರ್ಧ ಇಲಿಗೆ ಅದು. ಅರ್ಧಕ್ಕ ಬರೀ ಬಣ್ಣದ ನೀರು.
ಯಾವುಕ್ಕ ಯಾವುದು ನನಗೂ ಗೊತ್ತಿಲ್ಲ, ಹುಡುಗಿಗೂ ಗೊತ್ತಿಲ್ಲ,
ಲಕೋಟಿಯಾಗ ಬರದು
ದೊಡ್ಡ ಸರ್ ಕಪಾಟಿನಾಗ ಇಟ್ಟು ಕೀಲಿ ಹಾಕ್ಯಾರ.

"ಒಳಗ ಕೆಂಪಿದ್ರ ಹುಂಜ, ಬಿಳಿ ಇದ್ರ ಹೇಂಟಿ.
ಮೊದಲ ಹೇಳು, ಆಮ್ಯಾಲ ಕಚ್ಚು,"
ಕಲಿಸಿಕೊಟ್ಳು ಭಾಮಾಬಾಯಿ.
ಗೇಟಿನ ಕಟ್ಟಿ ಮ್ಯಾಲ, ಮುತ್ತಲ ಎಲಿ ಹಾಸಿ,
ಮೊಮ್ಮಕ್ಕಳ ಕಂಡ ಇಬ್ಬರು ಹೆಂಗಸರು ಪಂದ್ಯ ಕಟ್ಟಿದ್ವಿ.
ಹುಂಜ! ಹೇಂಟಿ ಬಂತು.
ಹೇಂಟಿ! ಹೇಂಟಿನ ಬಂತು.
ತುಟಿಗೆಲ್ಲ ಹಾಲಿನಂಟು.

ಆಕಿ ಮೈಯಾಗ ಕೊಬ್ಬು ಅಂಬೂದಿಲ್ಲ,
ಎಲುಬಿನ ಮ್ಯಾಲ ಸೀರಿ.
ಆದ್ರೂ ಎಡ ಮೊಣಕಾಲು ಊದಿತ್ತು.
ಇದನ್ನ ತಿಂದ್ರ ಒಳಗಿನ ಉರಿ ಆರತದಂತಲ್ಲ, ಕೇಳಿದೆ.
ಬೀಜ ಉಗುಳಿ ಅಂದ್ಳು:
"ಹಸಿವಿ ಆರತದ."

ಆಮ್ಯಾಲ ದಿನಾ, ಪಂಜರದ ಮುಂದ ನಿಂತು
ನನ್ನಷ್ಟಕ್ಕ ನಾ ಆಡತಿದ್ದೆ.
ಹನ್ನೆರಡು, ಹೇಂಟಿ. ಇಪ್ಪತ್ತು, ಹೇಂಟಿ.
ಮೂವತ್ತೊಂದು ಹುಂಜ, ಹುಂಜನ ಇರಬೇಕು,
ನಿನ್ನಿಗಿಂತ ಎರಡು ಹೆಜ್ಜಿ ಹೆಚ್ಚು ಅಡ್ಡಾಡ್ಯದ.

ಬುಧವಾರ ಗ್ಯಾಸಿನ ಡಬ್ಬಿ.
ಬೆಳ್ಳಿ ಹಾಳಿ ಮ್ಯಾಲ ಕೊಬ್ಬು ತೂಗಿದ್ರು, ರಕ್ತ ಬ್ಯಾರೆ ಇಟ್ರು.
ಮೂವತ್ತೊಂದರದು ನನ್ನ ಅಂಗೈಯಾಗ ಬಂತು.
ಬೆಚ್ಚಗಿತ್ತೋ ತಣ್ಣಗಿತ್ತೋ
ಕೈಗವಸಿನಾಗ ತಿಳೀಲಿಲ್ಲ.

ಆಷಾಢದಾಗ ಲಕೋಟಿ ಒಡದ್ರು.
ಕೆಲವು ಅಂಕಿ ಇಳದಿದ್ವು, ಕೆಲವು ಇಳದಿರಲಿಲ್ಲ.
"ಇನ್ನೊಮ್ಮೆ ಮಾಡಿ ನೋಡಬೇಕು," ಅಂದ್ಳು ಮೃಣ್ಮಯಿ,
ಸಿಟ್ಟೂ ಇಲ್ಲ, ಖುಷೀನೂ ಇಲ್ಲ.
ಮೂವತ್ತೊಂದು? ಅಂದೆ.
ಆಕಿ ಹಾಳಿ ತಿರುವಿದ್ಳು.
"ಬಣ್ಣದ ನೀರು, ಮಾವಶಿ."

ಮುಂದಿನ ವಾರ ಹೊಸಾವು ಬಂದ್ವು,
ಹೆಬ್ಬೆರಳಷ್ಟು ದಪ್ಪ. ಜಾಳಿ ಏರಿ ನನ್ನ ವಾಸನಿ ಹಿಡದ್ವು.
ನೀಲಿ ಗುಳಿಗಿ ಚೀಲದ ಬಾಯಿ ಬಿಚ್ಚಿದೆ.
ತಕ್ಕಡಿ ಸೊನ್ನಿಗೆ ತಂದೆ.