ಬಾಟಲಿ ಇಪ್ಪತ್ತಮೂರು

ಜಬಲ್ ಅಖ್ದರ್ ಹತ್ತುವ ಮೊದಲು ಚೆಕ್‌ಪೋಸ್ಟಿನ ಪೊಲೀಸ್
ಗಾಡಿಗೆ ನಾಲ್ಕೂ ಚಕ್ರದ ಎಳೆತ ಇದೆಯೋ ಎಂದು ಬಗ್ಗಿ ನೋಡಿದ.
ಹಿಂದಿನ ಸೀಟಿನ ಬಾಟಲಿಗಳಲ್ಲಿ ಏನು?
ಸದ್ಯ ಖಾಲಿ, ಅಂದೆ. ಇಳಿಯುವಾಗ ನೊಣ ಇರಬಹುದು.
ಇನ್‌ಶಾ ಅಲ್ಲಾ, ಎಂದ, ನಗದೆ.

ಮೆಟ್ಟಿಲು ಮೆಟ್ಟಿಲು ತೋಟ. ಫಲಜಿನ ನೀರು
ಬೆರಳು ದಪ್ಪ ಹರಿದು ಪಾತಿಯಿಂದ ಪಾತಿಗೆ.
ಸುಲೈಯಮ್ ಬಿನ್ ಮರ್ಹೂನ್ ಬಿದ್ದ ದಾಳಿಂಬೆಯೊಂದನ್ನು
ಕಾಲಿನಿಂದ ಉರುಳಿಸಿ ತೋರಿಸಿದ:
ಕೆಂಪು ಸಿಪ್ಪೆಗೆ ದಬ್ಬಳದ ತೂತು,
ತೂತಿನ ಬಾಯಿಗೆ ಕಂದು ಹಿಕ್ಕೆ.
ನೀಲಿ ಚಿಟ್ಟೆಯ ಕೂಸು ಒಳಗೆ ಊಟಕ್ಕೆ ಕೂತಿದೆ.
‘ಔಷಧಿ ಹೊಡೆದರೆ ನನಗೆ ಒಂದು ವಾರ, ದುಕ್ತೂರಾ.
ನಿನ್ನ ನೊಣಕ್ಕೆ ಎಷ್ಟು?’
ನಾನಿನ್ನೂ ಡಾಕ್ಟರಲ್ಲ. ಗೊತ್ತಿಲ್ಲ ಎಂದೆ.
ಗೊತ್ತಿಲ್ಲದ್ದಕ್ಕೇ ಸಂಬಳ, ಎನ್ನಲಿಲ್ಲ.

ಗೊತ್ತಿರುವುದು ಇಷ್ಟು:
ಆ ಹೊಲಸಿನ ವಾಸನೆಯೇ ಅದಕ್ಕೆ ವಿಳಾಸ.
ಬೂದು ನೊಣ, ಬೆನ್ನೆಲ್ಲ ಮುಳ್ಳುಗೂದಲು,
ತೂತಿನ ಹತ್ತಿರ ಮರಿಯನ್ನು ಇಳಿಸಿ ಹೊರಟುಬಿಡುತ್ತದೆ,
ಕೂಲಿಗೆ ಬಂದವಳು ಕೂಸನ್ನು ಬದುವಿನ ಮೇಲೆ ಬಿಟ್ಟ ಹಾಗೆ.
ಕಾಲಿಲ್ಲದ ಕಣ್ಣಿಲ್ಲದ ಆ ಚುಕ್ಕೆ
ಕತ್ತಲಲ್ಲಿ ಹುಳವನ್ನು ಹುಡುಕಿ, ಹೊಕ್ಕು,
ಮೊದಲು ಕೊಬ್ಬು ತಿನ್ನುತ್ತದೆ. ಜೀವ ಇರುವ ಜಾಗ ಕೊನೆಗೆ.
ಅಲ್ಲಿಯವರೆಗೆ ಹುಳ ಹಣ್ಣು ತಿನ್ನುತ್ತಲೇ ಇರುತ್ತದೆ,
ಇಬ್ಬರ ಹಸಿವನ್ನೂ ತನ್ನದೇ ಎಂದು ತಿಳಿದು.

ಕೆಳಗೆ, ನಿಜ್ವಾದ ಬಾಡಿಗೆ ಕೋಣೆ. ನಲವತ್ತು ಬಾಟಲಿ,
ಬಾಯಿಗೆ ಬಟ್ಟೆ, ಬಟ್ಟೆಗೆ ರಬ್ಬರು.
ಜೊತೆಯಲ್ಲಿರುವ ನರ್ಸ್ ಲಿಸ್ಸಿಯಮ್ಮ ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ:
‘ನೊಣ ಕೊಲ್ಲಲು ನಮ್ಮ ವಾರ್ಡಿನಲ್ಲಿ ಕರೆಂಟಿನ ದೀಪ ಹಾಕಿದ್ದಾರೆ,
ನೀನು ಇಲ್ಲಿ ತೊಟ್ಟಿಲು ಕಟ್ಟಿದ್ದೀ.’

ಹತ್ತೊಂಬತ್ತನೆಯ ದಿನ, ಬೆಳಗಿನ ಬಾಂಗಿಗೂ ಮೊದಲು,
ಇಪ್ಪತ್ತಮೂರನೆಯ ಬಾಟಲಿಯಲ್ಲಿ
ಗೋಧಿಕಾಳಿನಷ್ಟು ಗೂಡು, ಬೆಲ್ಲದ ಬಣ್ಣದ್ದು, ಮುಚ್ಚಳ ಎತ್ತಿತು.
ಹಲ್ಲಿಲ್ಲ, ಉಗುರಿಲ್ಲ. ಹಣೆಯನ್ನೇ ಬುಗ್ಗೆಯ ಹಾಗೆ
ಊದಿಸಿ ಇಳಿಸಿ ಊದಿಸಿ ತಳ್ಳುತ್ತದೆ.
ನಾವು ಹಣೆಬರಹ ಅನ್ನುತ್ತೇವೆ;
ಇದಕ್ಕೆ ಹಣೆಯೇ ಹಾರೆ.
ಹೊರಬಂದು, ಒದ್ದೆ ರೆಕ್ಕೆ ಬಿಚ್ಚಿ, ಕೈ ಉಜ್ಜಿಕೊಂಡಿತು
ಬಾಕಿ ವಸೂಲಾದ ಸಾಹುಕಾರನ ಹಾಗೆ.
ಬರೆದೆ: ಒಂದು.

ಹದಿನೇಳರಲ್ಲಿ ಚಿಟ್ಟೆಯೇ ಹುಟ್ಟಿತ್ತು.
ಆ ನೀಲಿಗೆ ಅಪರಾಧದ ಒಂದು ಕಲೆಯೂ ಇರಲಿಲ್ಲ.
ಫ್ರೀಜರಿಗೆ ಇಟ್ಟವಳು ನಾನೇ.
ರಿಜಿಸ್ಟರಿನಲ್ಲಿ ಆ ಕಾಲಮ್ಮಿನ ಹೆಸರು ‘ಇತರೆ’.

ನಲವತ್ತರಲ್ಲಿ ಒಂಬತ್ತು, ಎಂದು ಹೇಳಲು ಮತ್ತೆ ಗುಡ್ಡ ಹತ್ತಿದೆ.
ಸುಲೈಯಮ್ ಬೆರಳು ಮಡಚಿ ಎಣಿಸಿದ, ಬಿಚ್ಚಿದ.
ಖರ್ಜೂರ ಮುಂದಿಟ್ಟ. ಹಿಡಿಯಿಲ್ಲದ ಲೋಟಕ್ಕೆ
ಏಲಕ್ಕಿ ಘಮದ ಕಹ್ವಾ ಸುರಿದ,
ಅದಕ್ಕೊಂದು ನೊಣ ಬಿತ್ತು.

ಬೆರಳು ಚಿಮ್ಮಲು ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ.
‘ಇದು ನಮ್ಮದೋ?’
ಬಗ್ಗಿ ನೋಡಿದೆ. ಬೆನ್ನಿಗೆ ಮುಳ್ಳಿಲ್ಲ. ಬರೀ ಮನೆನೊಣ.
ಅಲ್ಲ, ಅಂದೆ.
‘ದೂರದ ನೆಂಟ ಇರಬಹುದು,’ ಎಂದು ಕಿರುಬೆರಳಲ್ಲಿ ಎತ್ತಿ
ಕಟ್ಟೆಯ ಬಿಸಿಲಿಗೆ ಇಟ್ಟ, ಒಣಗಲಿ ಎಂದು.

ಔಷಧಿ ಪಂಪು ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು.
ತುಂಬಿದೆಯೋ ಖಾಲಿಯೋ
ಹೊರಡುವಾಗ ನಾನು ಅಲ್ಲಾಡಿಸಿ ನೋಡಲಿಲ್ಲ.