ಅಡ್ಡಚೆಂಡು

ನಾವು ಐರಿಗಳು. ಕೋವಿಗೆ ಹಿಡಿ ಕೆತ್ತುವ ಮನೆ.
ಅಜ್ಜನದು ಪೀಚೆಕತ್ತಿಗೆ ಬೆಳ್ಳಿ ಬಿಗಿದ ಕೈ,
ನನ್ನದು ಸಿಕ್ಕಿದ್ದಕ್ಕೆ ಸಿಕ್ಕಿದ್ದು ಬೆಸೆಯುವ ಕೈ.

ಪಾಲಿಬೆಟ್ಟದ ಬಂಗಲೆಯ ಅಟ್ಟದಲ್ಲಿದ್ದ ಏಳು ಕೋಲು
ಗೋಣಿಯಲ್ಲಿ ಸುತ್ತಿ ತಂದು ಜಗಲಿಗೆ ಸುರಿದರು ಬೊಳ್ಳವ್ವ:
"ಬದುಕಿಸಿಕೊಡು. ಇವುಗಳಲ್ಲೇ ಆಡಬೇಕು ನಾನು."

ಮ್ಯಾಶಿ, ನಿಬ್ಲಿಕ್, ಬ್ರಾಸಿ, ಕ್ಲೀಕ್.
ದೂರದ ನೆಂಟರ ಮಕ್ಕಳ ಹಾಗೆ
ಒಂದು ವಾರ ಒಬ್ಬರ ಹೆಸರು ಇನ್ನೊಬ್ಬರಿಗೆ ಕರೆದೆ.
ಕಾಚಂಪುಳಿ ಸವರಿ ತುಕ್ಕು ಬಿಡಿಸಿದೆ.
ಮೇಣದ ನೂಲು ಸುತ್ತಿ ಕುತ್ತಿಗೆ ಬಿಗಿದೆ.
ಆರು ಕೋಲಿನ ಹಿಕ್ಕರಿ ಗಟ್ಟಿಯಾಗಿತ್ತು,
ನಿಬ್ಲಿಕ್ಕಿನದು ಮಾತ್ರ ಗೆದ್ದಲ ಪಾಲು.

ಹಿಕ್ಕರಿ ಎಲ್ಲಿಂದ ತರಲಿ?
ಒಲೆಯ ಮೇಲೆ ಒಂದು ಮಳೆಗಾಲ ಹೊಗೆ ಕುಡಿದ
ತಡಸಲು ಇತ್ತು, ಕೊಡಲಿ ಕಾವಿಗೆ ಇಟ್ಟದ್ದು.
ಗಾಜಿನ ಚೂರಲ್ಲಿ ಹೆರೆದೆ,
ಬಗ್ಗಿಸಿ ಕಿವಿಗಿಟ್ಟೆ. ಗೊಣಗಲಿಲ್ಲ.
ಯಾರಿಗೂ ಹೇಳಲಿಲ್ಲ.

ಆಟದ ದಿನ ನನ್ನನ್ನೂ ಕರೆದರು,
ಮುರಿದರೆ ಇರಲಿ ಎಂದು.

ಎದುರಾಳಿ ಮೇದಪ್ಪನವರು, ಟೈ ಕಟ್ಟಿ,
ಜೇಬಿನಲ್ಲಿ ಹಳೆಯ ನಿಯಮಗಳ ಪುಸ್ತಕ, ಬೆನ್ನು ಬಿಟ್ಟದ್ದು.
ಚೆಂಡು ಕೂರಿಸಲು ಮೊಳೆ ಇಲ್ಲ;
ಬಕೆಟ್ಟಿನ ಒದ್ದೆ ಮರಳು ಚಿಟಿಕೆ ಹಿಡಿದು
ಬೆರಳಲ್ಲೇ ಒಂದು ಪುಟ್ಟ ಗೋಪುರ.
ಬೊಳ್ಳವ್ವನದು ಕಡಂಬುಟ್ಟು ಕಟ್ಟಿದಷ್ಟು ದುಂಡಗೆ.
ಮೇದಪ್ಪನವರದು ಮೂರು ಸಲ ಕುಸಿಯಿತು.

ಐದನೆಯ ಕುಳಿಯ ದಾರಿಯಲ್ಲಿ ರಾತ್ರಿ ಆನೆ ನಡೆದಿತ್ತು.
ಬೊಳ್ಳವ್ವನ ಚೆಂಡು ಸರಿಯಾಗಿ ಒಂದು ಹೆಜ್ಜೆಯೊಳಗೆ,
ಬೋಗುಣಿಯಲ್ಲಿ ಮೊಟ್ಟೆ ಇಟ್ಟಂತೆ.
ಪುಸ್ತಕ ತೆರೆಯಿತು: ಇದ್ದಲ್ಲೇ ಹೊಡೆ.
"ಬರೆದವನು ಆನೆ ಕಂಡಿದ್ದನೇನು?" ಅಂದರು. ಹೊಡೆದರು.
ಕೆಸರು ಮುಖಕ್ಕೆ, ಚೆಂಡು ಮೂರು ಅಡಿ ಮುಂದಕ್ಕೆ.

ಹಾಗೂ ಕೊನೆಯ ಕುಳಿಗೆ ಬರುವಾಗ ಸರಿಸಮ.
ಅಲ್ಲಿ ಮೇದಪ್ಪನವರ ಚೆಂಡು ಕುಳಿಯ ತುಟಿಯಲ್ಲಿ,
ಬೊಳ್ಳವ್ವನದು ಅದರ ಬೆನ್ನಿಗೆ, ಒಂದೇ ಗೆರೆಯಲ್ಲಿ.
ಸ್ಟೈಮಿ ಅನ್ನುತ್ತಾರಂತೆ. ನಾನು ಅಡ್ಡಚೆಂಡು ಅಂದುಕೊಂಡೆ.

ಕೋಲು ಹೊರುವ ರಂಜು ಅಭ್ಯಾಸದಂತೆ
ಚೆಂಡೆತ್ತಿ ಗುರುತಿಡಲು ನಾಣ್ಯ ತೆಗೆದ.
"ಒಳಗಿಡು! ಈಗಿನ ಆಟವಲ್ಲ ಇದು.
ಎರಡರ ನಡುವೆ ಆರಿಂಚಿನೊಳಗಿದ್ದರೆ ಮಾತ್ರ ಎತ್ತಬಹುದು."
ಎಲ್ಲರೂ ನನ್ನ ಕಡೆ ತಿರುಗಿದರು.
ಸೊಂಟದಲ್ಲಿ ಅಳತೆಪಟ್ಟಿ ಇದ್ದವನು ನಾನೊಬ್ಬನೇ.

ಮಂಡಿಯೂರಿದೆ.
ಆರಿಂಚು.
ಮತ್ತೆ ಒಂದು ನೂಲು.
ಗರಗಸ ಒಮ್ಮೆ ಹೋಗಿ ಬಂದರೆ ಪುಡಿಯಾಗುವಷ್ಟು.
ಬೊಳ್ಳವ್ವನ ಬೂಟು ಕಣ್ಣ ಪಕ್ಕದಲ್ಲೇ ಇತ್ತು,
ಲೇಸಿಗೆ ಆನೆಹೆಜ್ಜೆಯ ಕೆಸರು ಮೆತ್ತಿತ್ತು.
"ಒಂದು ನೂಲು ಹೆಚ್ಚು" ಅಂದೆ.

ಅವರು ಏನೂ ಅನ್ನದೆ ಕೈ ಚಾಚಿದರು: ನಿಬ್ಲಿಕ್.
ಹಾರಿಸಬೇಕು, ಚೆಂಡಿನ ಮೇಲಿಂದ ಚೆಂಡು.
ತಡಸಲು ಬಾಗಿತು, ಬಾಗಿದ್ದು ನನ್ನ ಬೆನ್ನಿಗೆ ಗೊತ್ತಾಯಿತು.
ಚೆಂಡು ಎದ್ದಿತು, ಕಪ್ಪೆಯಷ್ಟು.
ಇಳಿದದ್ದು ಅವರ ಚೆಂಡಿನ ನೆತ್ತಿಗೆ.
ಟಕ್.
ಉರುಳಿ ಕುಳಿಗೆ ಬಿದ್ದದ್ದು ಮೇದಪ್ಪನವರ ಚೆಂಡು.

ಪುಸ್ತಕ ಮತ್ತೆ ತೆರೆಯಿತು. ಗಟ್ಟಿಯಾಗಿ ಓದತೊಡಗಿದವರು
ಅರ್ಧಕ್ಕೆ ಮೆತ್ತಗಾದರು:
ಎದುರಾಳಿ ತಳ್ಳಿದರೂ ಬಿದ್ದದ್ದು ಬಿದ್ದದ್ದೇ,
ಹಿಂದಿನ ಹೊಡೆತಕ್ಕೇ ಲೆಕ್ಕ.
"ಅಂದರೆ... ನಾನು ಗೆದ್ದೆ."
ಹೊಡೆಯದೆ ಗೆದ್ದವರ ಮುಖ ನಾನು ನೋಡಿರಲಿಲ್ಲ.
ಟೈ ಸಡಿಲಿಸಿಕೊಂಡರು.
ಬೊಳ್ಳವ್ವ ನಕ್ಕು ನಕ್ಕು ಬಾವುಟದ ಕೋಲು ಹಿಡಿದು ನಿಂತರು.

ಆಮೇಲೆ, ಕಾಫಿ ಬರುವ ಮೊದಲು,
ನಿಬ್ಲಿಕ್ಕನ್ನು ಹೆಬ್ಬೆರಳಲ್ಲಿ ಸವರುತ್ತ ನನ್ನ ಬಳಿ ಬಂದರು.
"ಇದು ಹಿಕ್ಕರಿ ಅಲ್ಲ."
ಒಂದು ನೂಲಿಗೆ ನಿಜ ಹೇಳಿದವನು
ಒಂದಿಡೀ ಕೋಲಿಗೆ ಬಾಯಿ ಮುಚ್ಚಿಕೊಂಡಿದ್ದೆ.
"ಅಲ್ಲ. ತಡಸಲು."

ಮೇದಪ್ಪನವರ ಜೇಬಿನ ಕಡೆ ಒಮ್ಮೆ ನೋಡಿದರು.
ಮೂಸಿದರು ಮರವನ್ನು. ಒಲೆಯ ಹೊಗೆ ಇನ್ನೂ ಇತ್ತೇನೋ.
"ಇದ್ದಲ್ಲಿಯದೇ," ಅಂದರು,
ಚೀಲಕ್ಕೆ ಹಾಕಲಿಲ್ಲ, ಊರಿಕೊಂಡು ನಡೆದರು.