ಮೂವತ್ತರವರೆಗೆ ಎಣಿಸಿ

ಒರೂರೊ ಬಸ್ ನಿಲ್ದಾಣ, ಆಗಸ್ಟ್.
ಚಳಿಗಿಂತ ಒಣಗಾಳಿಯದೇ ಕಾಟ ಇಲ್ಲಿ.
ತುಟಿ ಬಿರಿಯುತ್ತದೆ, ಉಣ್ಣೆಯ ಶಾಲು ತೆಗೆದರೆ ಚಟಚಟ,
ಚಿಲ್ಲರೆ ಕೊಡಲು ಕೈ ಚಾಚಿದರೆ
ಗಿರಾಕಿಗೂ ನನಗೂ ನಡುವೆ ಒಂದು ಕಿಡಿ.

ಏಳನೇ ಕಿಟಕಿ ನನ್ನದು. ಸೆನೋಬಿಯಾ ಚಾಂಬಿ.
ಹನ್ನೊಂದು ವರ್ಷದಿಂದ
ರಾತ್ರಿ ಬಸ್ಸುಗಳಿಗೆ ಟಿಕೆಟ್ ಹರಿದು ಕೊಡುವವಳು.

ಆರೂವರೆಗೆ ಶಾಲು ಸರಿಮಾಡಿಕೊಂಡು
ಪ್ರಿಂಟರಿನ ವೈರು ಒತ್ತಲು ಹೋದೆ. ಚಟ್ ಎಂದಿತು.
ಅಷ್ಟೆ.
ಪ್ರಿಂಟರು ಸುಮ್ಮನಾಯಿತು. ಮೌಸಿನ ಹೊಟ್ಟೆಯ ಕೆಂಪು ದೀಪ ಆರಿತು.
ಪರದೆಯ ಮೂಲೆಯಲ್ಲಿ ಒಂದು ಸಾಲು:
ಯುಎಸ್‌ಬಿ ಸಾಧನದ ಗುರುತು ಸಿಗಲಿಲ್ಲ.

ಗುರುತು ಸಿಗಲಿಲ್ಲವಂತೆ!
ಮಧ್ಯಾಹ್ನದವರೆಗೂ ಒಂದೇ ತಟ್ಟೆಯಲ್ಲಿ ಉಂಡವರು.

ಹಿಂದಿನ ತೂತು, ಮುಂದಿನ ತೂತು,
ತಿರುಗಿಸಿ, ಮತ್ತೆ ತಿರುಗಿಸಿ, ಮೊದಲಿದ್ದಂತೆಯೇ ಹಿಡಿದು
(ಅದು ಯಾವತ್ತೂ ಹೋಗುವುದು ಮೂರನೇ ಸಲಕ್ಕೇ),
ಎಂಟನೇ ಕಿಟಕಿಯಿಂದ ವೈರು ಕಡ ತಂದು,
ಊದಿ, ಒರೆಸಿ, ಆಫ್ ಮಾಡಿ, ಆನ್ ಮಾಡಿ.
ಜಪ್ಪಯ್ಯ ಅಂದರೂ ಇಲ್ಲ.

ಮಾತು ಕೇಳಿದ್ದು ಹಳೆಯ ಕೀಬೋರ್ಡು ಒಂದೇ,
ದುಂಡು ಪಿನ್ನಿನದು, ನೇರಳೆ ಮೂತಿಯದು,
ಎಸೆದು ಹೊಸದು ಕೊಡಿಸುತ್ತೇವೆಂದು ಕಂಪನಿ ಮೂರು ಸಲ ಹೇಳಿ
ಮೂರು ಸಲವೂ ಮರೆತದ್ದು.
ಅದರ ಬಾಣಗಳನ್ನು ಒತ್ತಿ ಒತ್ತಿ
ಕತ್ತಲಲ್ಲಿ ಗೋಡೆ ಸವರಿದ ಹಾಗೆ ಪಟ್ಟಿ ಇಳಿದೆ:
ಹಳದಿ ತ್ರಿಕೋನ, ಹಳದಿ ತ್ರಿಕೋನ, ಹಳದಿ ತ್ರಿಕೋನ.
ಅಳಿಸಿದೆ. ಮತ್ತೆ ಹುಟ್ಟಿದವು, ಅದೇ ಬಣ್ಣದಲ್ಲಿ.

ಅಷ್ಟರಲ್ಲಿ ಸಾಲು ಬಾಗಿಲು ದಾಟಿತ್ತು.
ಪ್ರತಿಯೊಬ್ಬರಿಗೂ ಒಮ್ಮೆ ಪ್ರಿಂಟ್ ಕೊಟ್ಟು ನೋಡುವುದು,
ಬರಲಿಲ್ಲ, ಕಾರ್ಬನ್ ಇಟ್ಟು ಕೈಯಲ್ಲೇ ಬರೆಯುವುದು.
ಟೋಪಿಯವನೊಬ್ಬ ನನ್ನ ಅಕ್ಷರ ನೋಡಿ ತಲೆಯಾಡಿಸಿದ.
'ಇದಕ್ಕೆ ಸೀಟು ಯಾರು ಬಿಡುತ್ತಾರೆ?
ಹೋದ ಸಲ ಚಲ್ಲಪಾತದವರೆಗೆ ನಿಂತೇ ಹೋಗಿದ್ದೆ.'
ದುಡ್ಡು ವಾಪಸು ಇಸಕೊಂಡು, ಎರಡು ಸಲ ಎಣಿಸಿ,
ಗಾಳಿಯೊಳಗೆ ನಡೆದ.

ಉಯುನಿ ಬಸ್ಸು ಒಂಬತ್ತಕ್ಕೆ ಹೊರಟಿತು.
ಪೊಟೊಸಿಯವರು ಬಂದು ನಿಂತರು.
ಆಗ ಸಿಕ್ಕ ಫೋನಿಗೆ, ಲಾ ಪಾಸ್‌ನಿಂದ, ವ್ಲಾದಿಮಿರ್ ಅರುಕಿಪಾ,
ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದ:
'ಎಲ್ಲ ಬಿಡಿಸಿ. ಗೋಡೆಯಿಂದ ವೈರು ಕೀಳಿ.
ಈಗ ಗುಂಡಿ ಒತ್ತಿ ಹಿಡಿಯಿರಿ. ಮೂವತ್ತರವರೆಗೆ ಎಣಿಸಿ.'
ಕರೆಂಟೇ ಇಲ್ಲದ ಪೆಟ್ಟಿಗೆಯ ಗುಂಡಿ ಒತ್ತಿ ಏನು ಬಂತಪ್ಪಾ?
'ಒಳಗೆ ಚೂರು ಉಳಿದಿರುತ್ತದೆ, ಸೆನ್ಯೋರಾ.
ಅದಕ್ಕೇ ಈ ಮುನಿಸು. ಇಳಿದುಹೋಗಲಿ.'

ಮಾಯ, ಪಾಯ, ಕಿಮ್ಸ,
ಅಜ್ಜಿ ಆಲೂಗಡ್ಡೆ ಎಣಿಸುತ್ತಿದ್ದ ಐಮಾರಾದಲ್ಲಿ,
ಪುಸಿ, ಪಿಸ್ಕ,
ಕಿಟಕಿಯಾಚೆಯ ಹೆಂಗಸು ಜೊತೆಗೂಡಿದಳು,
ಅವಳ ಬೆನ್ನಗಂಟಿನೊಳಗಿನ ಮಗು ಕಣ್ಣುಬಿಟ್ಟಿತು,
ತುಂಕ ಬರುವಷ್ಟರಲ್ಲಿ ಅರ್ಧ ಸಾಲು,
ಇಪ್ಪತ್ತು ದಾಟುವಾಗ ಚಹಾ ಮಾರುವ ಹುಡುಗನೂ.
ನನ್ನ ಹೆಬ್ಬೆರಳು ಮರಗಟ್ಟಿತ್ತು.
ಕಿಮ್ಸ ತುಂಕ!
ಯಾರೋ ಚಪ್ಪಾಳೆ ತಟ್ಟಿದರು, ಇನ್ನೂ ಏನೂ ಆಗಿರಲಿಲ್ಲ.

ಫ್ಯಾನು ತಿರುಗಿತು. ಮೌಸಿನ ಹೊಟ್ಟೆ ಕೆಂಪಾಯಿತು.
ಪ್ರಿಂಟರು ಗಂಟಲು ಸರಿಮಾಡಿಕೊಂಡು
ಶುರುಮಾಡಿತು, ಪೊಟೊಸಿಯದಲ್ಲ,
ಹೊರಟುಹೋದ ಉಯುನಿ ಬಸ್ಸಿನದು.
ನಾನು ಕೊಟ್ಟ ಒಂದೊಂದನ್ನೂ ಅದು ಎಣಿಸಿಟ್ಟುಕೊಂಡಿತ್ತು:
ಮೂವತ್ತೆಂಟು ಟಿಕೆಟು, ಒಂದರ ಹಿಂದೊಂದು,
ನಿಲ್ಲಿಸಿದರೂ ನಿಲ್ಲದೆ.
ನಡುವೆ ಎಲ್ಲೋ ಸೀಟು ಹದಿನಾಲ್ಕು, ಕಿಟಕಿ ಪಕ್ಕ,
ಫೌಸ್ತಿನೊ ಪಾಕೊ,
ಅಚ್ಚುಕಟ್ಟಾದ ಅಚ್ಚಿನಲ್ಲಿ, ಅವನು ಕೇಳಿದ್ದ ಹಾಗೆಯೇ.
ಬಸ್ಸು ಆಗ ಬತ್ತಿದ ಕೆರೆಯ ಬದಿ ಓಡುತ್ತಿರಬೇಕು,
ಹದಿನಾಲ್ಕರಲ್ಲಿ ಯಾರದೋ ಮೂಟೆ ಕೂತು.

ಆ ಚೀಟಿ ಗಾಜಿನ ಕೆಳಗಿದೆ. ಇನ್ನೂ ಅವನು ಬಂದಿಲ್ಲ.

ಈಗೆಲ್ಲ ನಾನು ಕಿಟಕಿಯ ಕಬ್ಬಿಣದ ಸರಳನ್ನು ಮೊದಲು ಮುಟ್ಟುತ್ತೇನೆ,
ಆಮೇಲೆ ಯಂತ್ರ.
ಏನೋ ಹರಕೆ ಹೊತ್ತಿದ್ದಾಳೆ ಅಂದುಕೊಂಡಿದ್ದಾರೆ ಜನ.
ಕೆಲವರು, ದೂರದ ಊರಿಗೆ ಹೊರಟವರು,
ತಾವೂ ಒಮ್ಮೆ ಮುಟ್ಟುತ್ತಾರೆ.